ಬಿದ್ದು ಹುಟ್ಟಿದ್ದು

ಜೂನ್ ೪, ಬುಧವಾರ

ಕೂಸನ್ನು ಎಲ್ಲಿ ಇಟ್ಟಿದ್ದಾರೆ ಎಂದು ಇವತ್ತೂ ಯಾರೂ ಹೇಳಲಿಲ್ಲ.

ಬೆಳಿಗ್ಗೆ ಸುಹಾಸ ಅಂಗಡಿಗೆ ಹೊರಟಾಗ ಬಾಗಿಲಲ್ಲೇ ಅಡ್ಡ ನಿಂತು ಕೇಳಿದೆ. "ಆನು ಒಳ್ಳೆ ಜಾಗದಲ್ಲೇ ಇಟ್ಟಿದ್ದಿ. ಅದ್ನೆಲ್ಲ ಕೇಳಡ ನಮೀ," ಎಂದು ಬೈಕಿನ ಕೀಲಿ ಹುಡುಕತೊಡಗಿದ. ಕೀಲಿ ಅವನ ಕೈಯಲ್ಲೇ ಇತ್ತು. ಯಲ್ಲಾಪುರದ ಪಂಪ್‌ಸೆಟ್ಟುಗಳನ್ನೆಲ್ಲ ಬಿಚ್ಚಿ ಎಲ್ಲಿ ಕೆಟ್ಟಿದೆ ಎಂದು ಹೇಳುವವನಿಗೆ ಹೆಂಡತಿಗೆ ಒಂದು ಜಾಗ ಹೇಳಲು ಬಾಯಿಲ್ಲ.

ಎಂಟನೇ ತಿಂಗಳು. ಹೆರಿಗೆಗೆ ಸಿದ್ದಾಪುರಕ್ಕೆ ಕರೆದೊಯ್ಯಲು ಅಣ್ಣ ಒಳ್ಳೆಯ ದಿನ ನೋಡಿಸುತ್ತಿದ್ದ. ಅಷ್ಟರಲ್ಲಿ ಒಂದು ಬೆಳಗಿನ ಜಾವ ಹೊಟ್ಟೆನೋವು, ಕಾರು, ಶಿರಸಿಯ ಆಸ್ಪತ್ರೆ. ಅವಳು ಉಸಿರಿಲ್ಲದೆ ಹುಟ್ಟಿದಳಂತೆ. ಅಂತೆ ಎಂದೇ ಬರೆಯಬೇಕು, ನಾನು ನೋಡಿಲ್ಲ. ರಕ್ತ ಹೋಗಿ ನನಗೆ ಎಚ್ಚರ ತಪ್ಪಿತ್ತು. ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬೆಳಕಿತ್ತು, ಮಧ್ಯಾಹ್ನದ ಬಸ್ಸಿಗೆ ಬಂದ ಅತ್ತೆ ಪಕ್ಕದಲ್ಲಿ ಕೂತಿದ್ದರು, ಕೂಸಿನ ವಿಷಯ ಮುಗಿದಿತ್ತು.

ಅತ್ತೆ ದಿನವೂ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ಯುತ್ತಾರೆ. ಲೇಹ್ಯ ತಿನ್ನಿಸುತ್ತಾರೆ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟುತ್ತಾರೆ. ಬಾಣಂತನಕ್ಕೆ ಏನೂ ಕೊರತೆ ಮಾಡಿಲ್ಲ. ನನ್ನ ಎದೆಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಹಾಲು ಬಂದು ರವಿಕೆ ಒದ್ದೆಯಾಗುತ್ತದೆ. ಅದು ಕಣ್ಣಿಗೆ ಬೀಳದ ಹಾಗೆ ಅತ್ತೆ ನನ್ನ ಬೆನ್ನ ಕಡೆಗೇ ನಿಂತು ನೀರು ಹೊಯ್ಯುತ್ತಾರೆ.

ಅವರನ್ನೂ ಕೇಳಿದೆ. "ತಾಯಿಗೆ ಜಾಗ ತೋರ್ಸಲಾಗ ಕೂಸೆ. ನೀ ಅಲ್ಲಿ ಕೂತು ಅತ್ರೆ ಅದಕ್ಕೆ ಹೋಪಲೆ ಆಗ್ತಿಲ್ಲೆ," ಎಂದರು. ತಾಯಿಯ ಅಳು ಕೇಳಿದರೆ ಸತ್ತ ಕೂಸು ಬಿಟ್ಟು ಹೋಗಲಾರದಂತೆ.

ನಮ್ಮಲ್ಲಿ ಹುಡುಗಿಯರನ್ನೆಲ್ಲ ಕೂಸೇ ಎಂದು ಕರೆಯುವುದು ವಾಡಿಕೆ. ಮೂವತ್ತು ದಾಟಿದ ನನ್ನನ್ನೂ ಹಾಗೇ ಕರೆಯುತ್ತಾರೆ. ಮೊದಲು ಹಿತವಾಗುತ್ತಿತ್ತು. ಈಗ ಕರೆದಾಗಲೆಲ್ಲ ಒಂದು ಗಳಿಗೆ ಸುತ್ತ ನೋಡುತ್ತೇನೆ.

ಜೂನ್ ೧೨, ಗುರುವಾರ

ಸಿಕ್ಕಿತು.

ಮನೆಯ ಹಿತ್ತಲೇನೂ ದೊಡ್ಡದಲ್ಲ. ಚೀರೆಕಲ್ಲಿನ ಕಂಪೌಂಡಿನೊಳಗೆ ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಉಳಿದದ್ದೆಲ್ಲ ಅತ್ತೆಯ ಡೇರೆ ಹೂವಿನ, ಎಂದರೆ ಡೇಲಿಯಾದ ಸಾಲು. ಮಳೆ ಶುರುವಾಗುವಾಗ ಗಡ್ಡೆ ನೆಟ್ಟು ಚೌತಿಯ ಹೊತ್ತಿಗೆ ತಟ್ಟೆಯಗಲದ ಹೂ ಬಿಡಿಸುವುದು ಅವರ ಹಟ. ಆ ಸಾಲಿನಲ್ಲಿ ಬೇರೆ ಒಂದು ಎಲೆ ಕಂಡರೂ ಕಿತ್ತು ಬಿಸಾಡುತ್ತಾರೆ.

ಇವತ್ತು ಮೊದಲ ಸಲ ಹಿಂದಿನ ಮೆಟ್ಟಿಲ ಮೇಲೆ ಕೂತೆ. ಒಗೆಯುವ ಕಲ್ಲಿನ ಆಚೆ, ಕಂಪೌಂಡಿನ ಮೂಲೆಯಲ್ಲಿ ನೆಲದ ಬಣ್ಣ ಬೇರೆ. ಸುತ್ತ ಗಟ್ಟಿ ನೆಲ, ಹುಲ್ಲು, ನಾಚಿಕೆಮುಳ್ಳು. ಅಲ್ಲಿ ಮಾತ್ರ ಸಡಿಲವಾದ ಕೆಂಪು ಮಣ್ಣು, ಸ್ವಲ್ಪ ಉಬ್ಬಿದೆ, ಒಂದು ಹುಲ್ಲೂ ಇಲ್ಲ. ತೊಟ್ಟಿಲ ಹಾಸಿಗೆಯಷ್ಟು ಅಗಲ.

ಪಿಯು ಹುಡುಗರಿಗೆ ಲೆಕ್ಕ ಕಲಿಸುವವಳು ನಾನು. ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದೇ ನನ್ನ ಕಸುಬು. ಆಸ್ಪತ್ರೆಗೆ ಹೋಗುವ ಮುಂಚೆ ಅಲ್ಲಿ ಆ ಮಣ್ಣು ಇರಲಿಲ್ಲ, ಅಲ್ಲೇ ನಾನು ಚಾದರ ಒಣಗಿಸಿದ್ದೆ. ಹಲ್ಲು ಬಾರದ ಕೂಸನ್ನು ಸುಡುವುದಿಲ್ಲ, ಸ್ವಂತ ನೆಲದಲ್ಲಿ ಹುಗಿಯುತ್ತಾರೆ. ಊರಿನ ಜಮೀನು ಮಾವನ ಕಾಲದಲ್ಲೇ ಪಾಲಾಗಿ ದೊಡ್ಡಪ್ಪನ ಮನೆಗೆ ಹೋಯಿತು. ಸುಹಾಸನಿಗೆ ಈ ಹಿತ್ತಲು ಬಿಟ್ಟರೆ ನೆಲವೇ ಇಲ್ಲ. ಇದಕ್ಕೆ ಎರಡು ಉತ್ತರ ಬರುವುದಿಲ್ಲ.

ಹತ್ತಿರ ಹೋಗಲಿಲ್ಲ. ಮೆಟ್ಟಿಲ ಮೇಲಿಂದಲೇ ನೋಡಿದೆ. ಬಹಳ ದಿನದ ಮೇಲೆ ಮಧ್ಯಾಹ್ನ ಊಟ ಮಾಡಿದೆ.

ಜೂನ್ ೧೫, ಭಾನುವಾರ

ಹೊನ್ನ ಸೌದೆ ಒಡೆಯಲು ಬಂದಿದ್ದ. ನಮ್ಮ ಮನೆಯ ಅಗೆತ, ಒಡೆತ ಎಲ್ಲ ಅವನದೇ. ಅತ್ತೆ ದೇವರಿಗೆ ದೀಪ ಹಚ್ಚುತ್ತಿದ್ದಾಗ ಹೊರಗೆ ಹೋಗಿ ಕೇಳಿದೆ.

"ಹೊನ್ನಾ, ಆ ಮೂಲೆಯಲ್ಲಿ ಅಗೆದವ ನೀನೇ ಅಲ್ಲವಾ?"

"ಹೌದು ಅಮ್ಮ, ನಾನೇಯ. ನೀವು ದವಾಖಾನೆಲಿ ಇದ್ರಲ್ಲ, ಆವಾಗ. ಒಡೇರು ಮುಚ್ಚು ಅಂದ್ರು, ಮುಚ್ಚಿದೆ," ಎಂದ. ನನ್ನ ಮುಖ ನೋಡಿ ಕೊಡಲಿ ಕೆಳಗಿಟ್ಟ. "ಒಳಗೆ ಹೋಗಿ ಅಮ್ಮ. ಗಾಳಿ ಇದೆ."

ಯಾಕೆ ಅಗೆದೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ.

ಜೂನ್ ೨೪, ಮಂಗಳವಾರ

ಎಳೆ ಹಸಿರು ಬಂದಿದೆ. ಸಾಸಿವೆಯಷ್ಟು ಎಲೆ, ಎರಡೆರಡು. ಯಾರೂ ಬಿತ್ತಿಲ್ಲ, ಯಾರೂ ನೀರು ಹೊಯ್ದಿಲ್ಲ. ಮೊನ್ನೆ ಬರಿದಾಗಿದ್ದ ಮಣ್ಣು ಇವತ್ತು ಮುಚ್ಚುವಷ್ಟಾಗಿದೆ.

ಕೊಡೆ ಹಿಡಿದು ಹೋಗಿ ಮೊದಲ ಸಲ ಪಕ್ಕದಲ್ಲೇ ಕೂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಕೊಡೆಯನ್ನು ನನಗೆ ಹಿಡಿಯುವುದೋ ಅದಕ್ಕೆ ಹಿಡಿಯುವುದೋ ಎಂದು ತಿಳಿಯದೆ ಅರ್ಧರ್ಧ ಹಿಡಿದೆ. ನನ್ನ ಬಲಭುಜ ಪೂರ್ತಿ ತೋಯ್ದುಹೋಯಿತು. ಒಳಗೆ ಬಂದಾಗ ಅತ್ತೆ ಬೈದರು, ಬಾಣಂತಿ ಮಳೆಯಲ್ಲಿ ಕೂರುವುದೇ ಎಂದು.

ಜುಲೈ ೬, ಭಾನುವಾರ

ಒಂದೊಂದೇ ಗುರುತು ಸಿಗುತ್ತಿದೆ. ಎಲೆ ಉದ್ದವಾಗಿ ಅಂಚಿನಲ್ಲಿ ಗರಗಸದಂತಿರುವುದು ಕರ್ಣಕುಂಡಲ. ಅಡ್ಡಡ್ಡ ಹರಡಿದ್ದು ನೆಲನೆಲ್ಲಿ. ತುಂಬೆ ಗೊತ್ತೇ ಇತ್ತು, ಬಿಳಿ ಹೂ ಬಿಡುವುದು. ಒಂದು ಗಣಿಕೆ ಗಿಡ, ಕಪ್ಪು ಹಣ್ಣಿನದು. ಚಿಕ್ಕವಳಿದ್ದಾಗ ಶಾಲೆಯಿಂದ ಬರುತ್ತ ತಿಂದು ನಾಲಿಗೆ ನೀಲಿ ಮಾಡಿಕೊಳ್ಳುತ್ತಿದ್ದೆವು. ಇನ್ನೆರಡರ ಹೆಸರು ಗೊತ್ತಿಲ್ಲ. ಅತ್ತೆಯನ್ನು ಕೇಳಬಹುದು. ಆದರೆ ಅವರ ಮಟ್ಟಿಗೆ ಡೇರೆ ಅಲ್ಲದ್ದಕ್ಕೆಲ್ಲ ಕಳೆ ಎಂಬ ಒಂದೇ ಹೆಸರು.

ಕಂಪೌಂಡಿನ ಆಚೆಯಿಂದ ಪರಿಮಳಾ ಇಣುಕಿದಳು. ಹಾವೇರಿ ಕಡೆಯವಳು, ಹೋದ ವರ್ಷ ಪಕ್ಕದ ಮನೆಗೆ ಬಾಡಿಗೆಗೆ ಬಂದದ್ದು. "ಅಕ್ಕಾರ, ಅಲ್ಲೇನ್ ಹಾಕೀರಿ? ಭಾಳ ಚಂದ ಬಂದೈತಿ ನೋಡ್ರಿ." ಏನೂ ಹಾಕಿಲ್ಲ, ತಾನಾಗಿ ಬಂದದ್ದು ಎಂದೆ. ಮುಂದೆ ಮಾತಾಡಲು ಏನೂ ಇರಲಿಲ್ಲ, ಆದರೂ ಸ್ವಲ್ಪ ಹೊತ್ತು ನಿಂತು ಮಾತಾಡಿದೆವು. ಅವಳು ಆಸ್ಪತ್ರೆಯ ಮಾತೆತ್ತಲಿಲ್ಲ. ಅಷ್ಟಕ್ಕೇ ಅವಳ ಮೇಲೆ ಪ್ರೀತಿ ಬಂತು.

ಸುಹಾಸ ಆ ಮೂಲೆಗೆ ಕಾಲಿಡುವುದಿಲ್ಲ. ಮೋಟಾರು ಹಾಕಲು ಬಾವಿಯ ಈಚೆಯಿಂದ ಸುತ್ತಿ ಹೋಗುತ್ತಾನೆ. ನಿನ್ನೆ ಮೆಟ್ಟಿಲ ಮೇಲಿಂದ ಕರೆದು, "ಅಲ್ಲಿ ಎಂತಕ್ಕೆ ಕೂತ್ಗತ್ತೆ? ಹುಳಹುಪ್ಪಟೆ ಇರ್ತು," ಎಂದ. ಇದಕ್ಕಿಂತ ಸಾಕ್ಷಿ ಬೇಕೆ.

ಜುಲೈ ೧೨, ಶನಿವಾರ

ಇವತ್ತು ಅತ್ತೆಯ ಮೇಲೆ ಕೂಗಿದೆ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಅವರೆದುರು ದನಿ ಎತ್ತಿದವಳಲ್ಲ. ಮನಸ್ಸಿನಲ್ಲಿ ಬೇಕಾದಷ್ಟು ಎತ್ತಿದ್ದೇನೆ.

ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದೆ. ಕಿಟಕಿಯಲ್ಲಿ ನೋಡುತ್ತೇನೆ, ಅತ್ತೆ ಡೇರೆ ಸಾಲಿನ ಕಳೆ ಕಿತ್ತು ಮುಗಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಆ ಮೂಲೆಗೆ ಹೋಗಿದ್ದಾರೆ. ಕೈಯಲ್ಲಿ ಒಂದು ಗಿಡ, ಬೇರಿನ ಸಮೇತ.

"ಅತ್ತೆ, ಅದ್ನ ಮುಟ್ಟಡಿ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಓಡಿದೆ. ಸೌಟು ಕೈಯಲ್ಲೇ ಇತ್ತು. ಅತ್ತೆ ಹಾಗೇ ಕುಕ್ಕುರುಗಾಲಿನಲ್ಲಿ ಕೂತು ನನ್ನನ್ನು ನೋಡಿದರು, ಮಣ್ಣು ನೋಡಿದರು, ಗಿಡ ನೋಡಿದರು. ಅವರ ಮುಖದ ಬಣ್ಣ ಹೋಯಿತು.

"ಇಲ್ಲೇ ಹೇಳಿ ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳಲ್ಲೆ. ಯಂಗೆ ಗೊತ್ತಿದ್ದು."

"ಮಾಣಿ ಯಂಗೂ ಹೇಳಿದ್ನಿಲ್ಲೆ," ಎಂದು ಮೆಲ್ಲಗೆ ಮಗನನ್ನು ದೂರಿದರು. "ಕೇಳ್ದಾಗೆಲ್ಲ ಮಾತು ಹಾರಿಸ್ತ."

ಅವರಿಗೂ ಗೊತ್ತಿಲ್ಲವೆಂದು ನಾನು ಎಣಿಸಿರಲೇ ಇಲ್ಲ. ಗೊತ್ತಿದ್ದೂ ಹೇಳುತ್ತಿಲ್ಲವೆಂದು ಇಷ್ಟು ದಿನ ಅವರ ಕೈಯ ಅನ್ನ ತಿನ್ನುತ್ತ ಒಳಗೊಳಗೇ ಶಪಿಸಿದ್ದೆ. ಅತ್ತೆ ಕಿತ್ತ ಗಿಡವನ್ನು ಅದರ ಕುಳಿಯಲ್ಲೇ ಇಟ್ಟು, ಎರಡೂ ಹೆಬ್ಬೆರಳಿನಿಂದ ಮಣ್ಣು ಒತ್ತಿದರು. ಆಮೇಲೆ ಅಂಗೈಯಿಂದ ಆ ಮಣ್ಣನ್ನು ಸವರಿದರು, ನಿದ್ದೆ ಹತ್ತಿದ ಮಗುವಿನ ಬೆನ್ನು ಸವರುವ ಹಾಗೆ. ದೋಸೆ ಸೀದ ವಾಸನೆ ಹಿತ್ತಲವರೆಗೂ ಬಂತು. ಇಬ್ಬರೂ ಏಳಲಿಲ್ಲ.

ಜುಲೈ ೧೪, ಸೋಮವಾರ

ಬಾಡಿದ್ದ ಗಿಡ ಇವತ್ತು ತಲೆ ಎತ್ತಿದೆ. ಕರ್ಣಕುಂಡಲವೇ.

ಆಗಸ್ಟ್ ೩, ಭಾನುವಾರ

ಕಾಲೇಜಿಗೆ ಹೋಗತೊಡಗಿ ಒಂದು ವಾರವಾಯಿತು. ಸಹೋದ್ಯೋಗಿಗಳು ನಾನು ಒಳಗೆ ಬಂದ ಕೂಡಲೇ ಮಾತು ನಿಲ್ಲಿಸಿ ಮಳೆಯ ವಿಷಯ ತೆಗೆಯುತ್ತಾರೆ. ಹುಡುಗರು ಪರವಾಗಿಲ್ಲ. ಅವರಿಗೆ ನಾನು ಬಂದದ್ದಕ್ಕಿಂತ ಕಿರುಪರೀಕ್ಷೆ ಬಂದದ್ದೇ ದೊಡ್ಡ ದುಃಖ.

ಸಂಜೆ ಬಂದವಳು ಕೈಕಾಲು ತೊಳೆಯುವ ಮುಂಚೆ ಹಿತ್ತಲಿಗೆ ಹೋಗುತ್ತೇನೆ. ಕರ್ಣಕುಂಡಲ ಹೂ ಬಿಟ್ಟಿದೆ. ಒಂದು ಗಿಡದಲ್ಲಿ ತಿಳಿಗುಲಾಬಿ, ಇನ್ನೊಂದರಲ್ಲಿ ಬಿಳಿಯ ಮೇಲೆ ಕೆಂಪು ಚುಕ್ಕೆ. ಹಿಂದೆ ಯಾವ ಕಾಲದಲ್ಲೋ ಅತ್ತೆಯ ಅತ್ತೆ ಇಲ್ಲಿ ಕರ್ಣಕುಂಡಲ ಬೆಳೆಸುತ್ತಿದ್ದರಂತೆ. ಅತ್ತೆ ಬಂದು ಡೇರೆ ಹಾಕಿದ ಮೇಲೆ ಅದನ್ನೆಲ್ಲ ಕಿತ್ತು ತೆಗೆದರಂತೆ.

"ಇಷ್ಟ್ ವರ್ಷ ಬೀಜ ಮಣ್ಣಲ್ಲಿ ಇರ್ತನ ಕೂಸೆ?" ಎಂದು ಅತ್ತೆ ನನ್ನನ್ನೇ ಕೇಳಿದರು. ನಾನು ಲೆಕ್ಕದವಳು, ನನಗೇನು ಗೊತ್ತು. ಪಕ್ಕದ ಮನೆಯಿಂದ ಹಾರಿ ಬಂದದ್ದೂ ಇರಬಹುದು. ಆದರೆ ಇರುತ್ತದೆ ಅತ್ತೆ, ಎಂದೆ.

ಗೊತ್ತಿಲ್ಲದ ಎರಡು ಗಿಡಗಳಲ್ಲಿ ಒಂದರ ಹೆಸರು ಅವರು ಹೇಳಿದರು. ಕಾಡಿಗ್ಗರುಗವಂತೆ, ತಲೆಗೆ ಎಣ್ಣೆ ಕಾಯಿಸಲು ಹಾಕುವುದು. "ಕೂಸಿಗೆ ಕೂದ್ಲು ಚೊಲೋ ಬತ್ತು," ಎಂದು ಅಭ್ಯಾಸಬಲದಿಂದ ಹೇಳಿ ನಾಲಿಗೆ ಕಚ್ಚಿಕೊಂಡರು. ನಾನು ನಕ್ಕೆ. ನಗು ಎಲ್ಲಿಂದ ಬಂತೋ.

ಇವತ್ತು ಬೆಳಿಗ್ಗೆ ನೋಡಿದರೆ ಆ ಮಣ್ಣಿನ ಅಂಚಿನಲ್ಲಿ ಒಂದು ಡೇರೆ ಹೂ. ಈ ವರ್ಷದ ಮೊದಲನೆಯದು, ಹಳದಿ. ಆ ಬಣ್ಣದ ಗಡ್ಡೆಗಾಗಿ ಅತ್ತೆ ಹೇರೂರಿನ ಗೆಳತಿಗೆ ಎರಡು ವರ್ಷ ದುಂಬಾಲು ಬಿದ್ದಿದ್ದರು. ಮೊದಲ ಹೂ ಯಾವಾಗಲೂ ದೇವರಿಗೆ.

ಆಗಸ್ಟ್ ೧೭, ಭಾನುವಾರ

ಸಿದ್ದಾಪುರದಲ್ಲಿ ಅಣ್ಣನ ಮಗಳು ಸಮೃದ್ಧಿಗೆ ಅನ್ನಪ್ರಾಶನ. "ನಿಂಗೆ ಕಷ್ಟ ಆಗ್ತು ಹೇಳಾದ್ರೆ ಬಪ್ಪದು ಬೇಡ ತಂಗೀ," ಎಂದು ನನ್ನ ಹೆತ್ತ ಆಯಿ ಫೋನಿನಲ್ಲಿ ಹೇಳಿದ್ದಳು. ನನಗೆ ಕಷ್ಟವೋ, ಅವರಿಗೆ ಕಷ್ಟವೋ. ನನ್ನ ಬಾಣಂತನಕ್ಕೂ ಕರೆಯದೆ ಬಿಟ್ಟದ್ದು ಆ ಮಗು ಮನೆಯಲ್ಲಿದೆ ಎಂದೇ. ಹಟಕ್ಕೆ ಹೋದೆ.

ಅತ್ತಿಗೆ ಮಗುವನ್ನು ನನ್ನ ಕೈಗೆ ಕೊಡಲು ಬಂದಳು, ಅಪ್ಪನ ಅಕ್ಕ ದೊಡ್ಡತ್ತೆ ಕಣ್ಣಲ್ಲೇ ಬೇಡವೆಂದರು, ಅತ್ತಿಗೆ ಅರ್ಧ ದಾರಿಯಲ್ಲಿ ನಿಂತಳು. ನಾನೇ ಎದ್ದು ಎತ್ತಿಕೊಂಡೆ. ಮಗು ನನ್ನ ಕನ್ನಡಕ ಎಳೆಯಿತು. ಭಾರ ಇತ್ತು. ಎತ್ತಿಕೊಂಡೇ ಪಾಯಸದ ಬಟ್ಟಲಿನ ತನಕ ನಡೆದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಉಳಿದುಕೋ ಎಂದರು. ಮಧ್ಯಾಹ್ನದ ಬಸ್ಸಿಗೇ ಹೊರಟೆ, ಶಿರಸಿಯಲ್ಲಿ ಬಸ್ಸು ಬದಲಿಸಿ ಕತ್ತಲಾಗುವುದರೊಳಗೆ ಮನೆ. ಹಿತ್ತಲು ನೋಡಬೇಕಿತ್ತು.

ಆಗಸ್ಟ್ ೨೬, ಮಂಗಳವಾರ

ನಾಳೆ ಚೌತಿ. ಹಬ್ಬ ಬಿಡುವಂಥ ಸಾವು ಇದಲ್ಲವಂತೆ. ಪುರೋಹಿತರು ಹಾಗೆ ಹೇಳಿದ್ದನ್ನು ಸುಹಾಸ ನೆಲ ನೋಡುತ್ತ ನನಗೆ ದಾಟಿಸಿದ. ಸೂತಕ ಮುಗಿದಿದೆ, ಹೆಸರಿಲ್ಲದ್ದಕ್ಕೆ ತಿಥಿಯಿಲ್ಲ. ಆಯಿತು ಎಂದೆ.

ಅತ್ತೆ ಮತ್ತು ನಾನು ಪತ್ರೆ ಕೊಯ್ಯಲು ಹೊರಟೆವು. ಗಣಪತಿಗೆ ಬೇಕಾದದ್ದು ನೆಟ್ಟು ಬೆಳೆಸಿದ್ದಕ್ಕಿಂತ ತಾನಾಗಿ ಹುಟ್ಟಿದ್ದೇ ಹೆಚ್ಚು. ಗರಿಕೆ ಬಾವಿಕಟ್ಟೆಯ ಬದಿಗೆ, ಉತ್ತರಾಣಿ ರಸ್ತೆಯ ಅಂಚಿಗೆ, ದತ್ತೂರ ಹಾಳುಬಿದ್ದ ಸೈಟಿನಲ್ಲಿ. ಪರಿಮಳಾ ಬಿಲ್ವ ತಂದುಕೊಟ್ಟಳು. ಕಡೆಗೆ ಹೂವಿನ ಬುಟ್ಟಿ ಹಿಡಿದುಕೊಂಡು ಇಬ್ಬರೂ ಆ ಮೂಲೆಯಲ್ಲಿ ನಿಂತೆವು. ಕರ್ಣಕುಂಡಲ ಗಿಡ ಕಾಣದಷ್ಟು ಹೂ ಬಿಟ್ಟಿತ್ತು, ತುಂಬೆಯೂ.

"ಇದ್ನ ಕೊಯ್ಯಲಕ್ಕಾ ಅತ್ತೆ? ದೇವರಿಗೆ ಆಗ್ತಾ?"

ಮಡಿ ಮೈಲಿಗೆ ಎಂದು ನನ್ನನ್ನು ಗೋಳುಹೊಯ್ದುಕೊಂಡವರು ಅವರೇ.

"ಕೊಯ್ಯಿ. ನಮ್ಮ ಕೂಸಿಂದೂ ಒಂದು ಪಾಲು ದೇವರಿಗೆ ಹೋಗ್ಲಿ."

ಇಬ್ಬರೂ ಕೊಯ್ದೆವು. ಅವಳ ಹೆಸರಿನಲ್ಲಿ ಒಂದು ಕೆಲಸ ಮಾಡಿದ್ದು ಇದೇ ಮೊದಲು. ಅವಳಿಗೆ ಹೆಸರೇ ಇಲ್ಲ, ಆದರೂ. ಇವತ್ತು ನನಗೆ ಸಮಾಧಾನವಾಗಿದೆ. ಇಷ್ಟು ದಿನ ಆ ಶಬ್ದ ಬರೆದಿರಲಿಲ್ಲ.

ಆಗಸ್ಟ್ ೨೭, ಬುಧವಾರ. ಚೌತಿ

ಪೂಜೆಗೆ ಸುಹಾಸ ಕೂತಿದ್ದ, ಅತ್ತೆ ಹೂವು ಪತ್ರೆ ಒದಗಿಸುತ್ತಿದ್ದರು, ನಾನು ಬಾಗಿಲ ಬಳಿ. ಅರ್ಚನೆಗೆಂದು ಬುಟ್ಟಿಗೆ ಕೈ ಹಾಕಿದವನು, "ಇಷ್ಟೆಲ್ಲ ಕರ್ಣಕುಂಡಲ ಎಲ್ಲಿಂದು?" ಎಂದ.

"ನಮ್ಮ ಹಿತ್ಲಿಂದೇಯ. ಕೂಸಿನ ಹತ್ರದ್ದು," ಎಂದರು ಅತ್ತೆ.

ಅವನ ಕೈ ನಿಂತಿತು. ಹಿಡಿದ ಹೂಗಳನ್ನು ಮತ್ತೆ ಬುಟ್ಟಿಗೇ ಹಾಕಿದ. ದಾಸವಾಳ, ಗರಿಕೆ ಇಷ್ಟರಲ್ಲೇ ಅರ್ಚನೆ ಮುಗಿಸಿದ. ಮಂತ್ರ ನಡುನಡುವೆ ತಪ್ಪುತ್ತಿತ್ತು. ಮಂಗಳಾರತಿಯಾಯಿತು, ಪಂಚಕಜ್ಜಾಯ ಹಂಚಿಯಾಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ತಾನೇ ಇಟ್ಟ ಜಾಗದ ಹೂ ಇವನಿಗೆ ಮೈಲಿಗೆಯಾಯಿತೇ ಎಂದು.

ಮಡಿಯಲ್ಲೇ ಹಿಂದಿನ ಮೆಟ್ಟಿಲಿಗೆ ಹೋಗಿ ಕೂತ. ನಮ್ಮಿಬ್ಬರನ್ನೂ ಕರೆದ.

"ಅಲ್ಲಿ ಕೂಸಿಲ್ಲೆ," ಎಂದ. "ಅಲ್ಲಿ ನಲ್ಲಿ ಪೈಪು ಒಡೆದು ಸೋರ್ತಾ ಇತ್ತು. ಹೊನ್ನನ ಕೈಲಿ ಅಗೆಸಿ ಸರಿ ಮಾಡಿಸಿದ್ದಿ. ಬೇರೆ ಎಂತದೂ ಇಲ್ಲೆ ಅಲ್ಲಿ. ದೇವರ ಎದುರಿಗೆ ಆ ಹೂ ಏರಿಸಲೆ ಯನ್ನ ಕೈಲಿ ಆಗಲ್ಲೆ."

"ಮತ್ತೆ ಎಲ್ಲಿದ್ದು?"

"ಯಂಗೆ ಗೊತ್ತಿಲ್ಲೆ ನಮೀ."

ಆಮೇಲೆ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ. ನನಗೆ ರಕ್ತ ನಿಲ್ಲುತ್ತಿರಲಿಲ್ಲ. ಹೊರಗಿನಿಂದ ರಕ್ತ ತರಬೇಕೆಂದರು. ಅವನು ಬಾಗಿಲು ದಾಟುವಾಗ ಒಬ್ಬರು ಬಂದು ಕೇಳಿದರು, ಕೂಸನ್ನು ನೀವೇ ಒಯ್ಯುತ್ತೀರೋ ನಾವೇ ಮಾಡುವುದೋ ಎಂದು. ನೀವೇ ಮಾಡಿ ಎಂದು ಹೇಳಿ ಓಡಿದ. ತಿರುಗಿ ಬಂದ ಮೇಲೆಯೂ ಅವನ ಗಮನವೆಲ್ಲ ನನ್ನ ಮೇಲಿತ್ತು. ಮರುದಿನ ಹೋಗಿ ವಿಚಾರಿಸಿದಾಗ, ಆಗಿಹೋಯಿತು ಎಂದರು. ಎಲ್ಲಿ ಎಂದು ಕೇಳಲು ಬಾಯಿ ಬರಲಿಲ್ಲ. ಅವನು ಹೊರಗೆ ಓಡಾಡಿದ್ದನ್ನು ನೋಡಿ ಎಲ್ಲ ಮುಗಿಸಿ ಬಂದೆಯಾ ಎಂದು ಅತ್ತೆ ಕೇಳಿದರು. ಹೂಂ ಎಂದ. ಆ ಹೂಂಗೆ ಕಟ್ಟುಬಿದ್ದು ಇಲ್ಲಿಯವರೆಗೆ ಬಂದ.

"ಆನು ಅಲ್ಲಿ ಹೂ ಇಟ್ಟಿದ್ನಲೋ," ಎಂದರು ಅತ್ತೆ. ಬೈಗುಳವಾಗಿರಲಿಲ್ಲ ಅದು. ಸುಮ್ಮನೆ ಹೇಳಿದರು.

ಆಗಸ್ಟ್ ೨೮, ಗುರುವಾರ

ಏನೂ ಬರೆಯುವುದಿಲ್ಲ.

ಸೆಪ್ಟೆಂಬರ್ ೨, ಮಂಗಳವಾರ

ಅವನ ಜೊತೆ ಮಾತಿಲ್ಲ. ಊಟ ಬಡಿಸಿಡುತ್ತೇನೆ, ತಿನ್ನುತ್ತಾನೋ ಇಲ್ಲವೋ ನೋಡುವುದಿಲ್ಲ.

ಜಾಗ ತಪ್ಪಾಗಿದ್ದರೆ ಸರಿಯಾದ ಜಾಗ ಎಲ್ಲೋ ಇರಬೇಕು, ಲೆಕ್ಕ ಎಂದರೆ ಹಾಗೆ. ಇಲ್ಲಿ ಜಾಗವೇ ಇಲ್ಲ. ಇಷ್ಟು ದಿನ ಪೈಪಿಗೆ ಕೊಡೆ ಹಿಡಿದೆ, ಪೈಪಿನ ಹತ್ತಿರ ಕಾಲೇಜಿನ ಸುದ್ದಿ ಹೇಳಿಕೊಂಡೆ. ಯಾರಾದರೂ ಕೇಳಿದರೆ ನಕ್ಕಾರು. ಸುಹಾಸ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಎಲ್ಲ ಗೊತ್ತಿದ್ದೂ. ನನ್ನ ಜೀವ ಉಳಿಸಲು ಓಡಿದನಂತೆ. ಉಳಿಸಿದ್ದಾನೆ, ಇಲ್ಲವೆನ್ನುವುದಿಲ್ಲ. ಅದಕ್ಕೆ ಸಿಟ್ಟನ್ನೂ ಪೂರ್ತಿ ಮಾಡಲು ಆಗುತ್ತಿಲ್ಲ, ಅದೇ ದೊಡ್ಡ ಹಿಂಸೆ.

ಅತ್ತೆ ಡೇರೆಯ ಕಡೆಗೂ ಹೋಗಿಲ್ಲ. ಹೂಗಳು ಗಿಡದಲ್ಲೇ ಕಪ್ಪಾಗುತ್ತಿವೆ.

ಸೆಪ್ಟೆಂಬರ್ ೬, ಶನಿವಾರ

ಕಾಲೇಜಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಹಿತ್ತಲಿಗೆ ಹೋಗಿ ಕೀಳತೊಡಗಿದೆ. ಮೊದಲು ತುಂಬೆ, ಆಮೇಲೆ ಗಣಿಕೆ. ಮಣ್ಣು ಮೆತ್ತಗಿತ್ತು, ಸುಲಭಕ್ಕೆ ಬರುತ್ತಿದ್ದವು. ಅಳುತ್ತಿದ್ದೆನಂತೆ, ಪರಿಮಳಾ ಆಮೇಲೆ ಹೇಳಿದಳು.

ಅತ್ತೆ ಬಂದರು. ಬೇಡ ಎನ್ನುತ್ತಾರೆ ಎಂದುಕೊಂಡೆ. "ಕೀಳದಾದ್ರೆ ಕೀಳು. ಆನೂ ಬತ್ತೆ," ಎಂದು ಸೆರಗು ಸಿಕ್ಕಿಸಿ ನನ್ನೆದುರು ಕೂತರು.

ಕರ್ಣಕುಂಡಲದ ಬುಡಕ್ಕೆ ಕೈ ಹಾಕಿದಾಗ ಅದರ ಕಾಯಿಗಳು ಬಲಿತಿದ್ದವು. ಮುಟ್ಟಿದ ಕೂಡಲೇ ಪಟಪಟ ಒಡೆದು, ಸಿಪ್ಪೆ ಸುರುಳಿ ಸುತ್ತಿ, ಬೀಜ ಸಿಡಿಯಿತು. ನನ್ನ ಕೊರಳಿಗೆ, ಅತ್ತೆಯ ಕನ್ನಡಕಕ್ಕೆ, ಒಗೆಯುವ ಕಲ್ಲಿನ ಮೇಲೆ, ಡೇರೆ ಸಾಲಿನೊಳಕ್ಕೆ. ಒಂದು ಗಿಡ ಕೀಳುವಷ್ಟರಲ್ಲಿ ಒಂದು ಹಿಡಿ ಬಿತ್ತಿಯಾಗುತ್ತಿತ್ತು. ಅತ್ತೆ ಕೈ ನಿಲ್ಲಿಸಿದರು.

"ಬಪ್ಪ ಮಳೆಗಾಲಕ್ಕೆ ಹಿತ್ಲಿಡೀ ಇದೇ ಬತ್ತು ನೋಡು."

"ಡೇರೆ ಸಾಲಿಗೂ ಬತ್ತು," ಎಂದೆ.

"ಬರ್ಲಿ ಬಿಡು."

ಅರ್ಧ ಕಿತ್ತದ್ದು ಅಲ್ಲೇ ಬಿದ್ದಿದೆ, ಅರ್ಧ ನಿಂತಿದೆ. ಅತ್ತೆ ನನ್ನ ಕೊರಳಿಗೆ ಅಂಟಿದ ಬೀಜಗಳನ್ನು ಒಂದೊಂದಾಗಿ ತೆಗೆದರು. ಅವರ ಬೆರಳು ಒರಟು. ಅವರೂ ಒಂದೂವರೆ ತಿಂಗಳು ಮೊಮ್ಮಗಳ ಪಕ್ಕ ಕೂತಿದ್ದೇನೆಂದೇ ನಂಬಿದ್ದರು. ನನಗೆ ಹೋದದ್ದು ಅವರಿಗೂ ಹೋಗಿದೆ. ಮನೆಯಲ್ಲಿ ಇನ್ನೊಬ್ಬನಿಗೂ ಹೋಗಿದೆ ಎಂದು ಯಾಕೋ ಆಗ ನೆನಪಾಯಿತು.

ಸೆಪ್ಟೆಂಬರ್ ೨೧, ಭಾನುವಾರ. ಮಹಾಲಯ ಅಮಾವಾಸ್ಯೆ

ಸುಹಾಸ ಮಾವನಿಗೆ ಪಿಂಡ ಹಾಕಿದ. ಹಿರಿಯರೆಲ್ಲರ ಹೆಸರು ಹೇಳಿ ನೀರು ಬಿಟ್ಟ. ಎಲ್ಲ ಮುಗಿದ ಮೇಲೂ ತಂಬಿಗೆ ಹಿಡಿದು ಸ್ವಲ್ಪ ಹೊತ್ತು ಕೂತೇ ಇದ್ದ. ಇನ್ನೊಂದು ಸಲ ನೀರು ಬಿಡಲು ಅವನಿಗೂ ಹೆಸರಿರಲಿಲ್ಲ.

ಊಟವಾದ ಮೇಲೆ ಹಿಂದಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಏನು ಮಾತಾಡುವುದೆಂದು ಯೋಚಿಸಿ ಹೋಗಿರಲಿಲ್ಲ.

"ನೀ ಕೂಸನ್ನ ನೋಡಿದ್ಯಾ?" ಎಂದು ಕೇಳಿದೆ.

ಅವನು ನನ್ನ ಕಡೆ ತಿರುಗಿದ. "ಎತ್ತಿಗಂಡಿದ್ದಿ," ಎಂದ. "ಹಸಿರು ಬಟ್ಟೇಲಿ ಸುತ್ತಿ ಕೊಟ್ಟಿದ್ವು. ರಕ್ತಕ್ಕೆ ಹೋಪದರ ಒಳಗೆ. ಚೂರು ಹೊತ್ತು ಯನ್ನ ಕೈಲೇ ಇತ್ತು."

ನಾನು ಇಷ್ಟು ತಿಂಗಳು ಎಲ್ಲಿ ಎಂದಷ್ಟೇ ಕೇಳಿದ್ದೆ. ಇದನ್ನು ಕೇಳಲು ನನಗೆ ತೋಚಿರಲೇ ಇಲ್ಲ.

"ಹ್ಯಾಂಗಿತ್ತು?"

"ತಲೆ ತುಂಬ ಕೂದ್ಲು. ಒದ್ದೆ ಆಗಿ ಹಣೆಗೆ ಅಂಟಿತ್ತು, ಆನು ಹಿಂದೆ ಸರಿಸಿದಿ. ಬೆರಳು ಉದ್ದ, ನಿಂದೇಯ. ಬಲಗಾಲಿನ ಕಿರುಬೆರಳು ಚೂರು ಒಳಗೆ ಮಡಚಿತ್ತು, ಯನ್ನ ಕಿರುಬೆರಳು ಇದ್ದಲೆ, ಹಂಗೆ. ಬೆಚ್ಚಗಿತ್ತು ನಮೀ. ಆನು ಕೊಡುವಾಗಲೂ ಬೆಚ್ಚಗೇ ಇತ್ತು." ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, "ಇಷ್ಟು," ಎಂದು ತೋರಿಸಿದ. "ಇಷ್ಟೇ ಇತ್ತು."

ತೋರಿಸಿದ ಕೈ ಇಳಿಸಲಿಲ್ಲ. ಇಳಿಸುವುದು ಹೇಗೆಂದು ತಿಳಿಯದವನಂತೆ ಹಾಗೇ ಹಿಡಿದುಕೊಂಡಿದ್ದ. ನಾನು ನನ್ನ ಕೈಗಳನ್ನು ಅದರ ಕೆಳಗೆ ಇಟ್ಟೆ.

ಅತ್ತೆ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಫಿಯ ಲೋಟಗಳಿದ್ದವು. ಲೋಟಗಳನ್ನು ಮೆಟ್ಟಿಲ ಮೇಲಿಟ್ಟು, ಮಂಡಿ ಹಿಡಿದುಕೊಂಡು ನಮ್ಮ ಹಿಂದೆ ಕೂತರು.

"ಮೋರೆ ಯಾರ್ದಿತ್ತೋ ಮಾಣಿ?"

"ಬಾಯಿ ನಮಿತಂದು," ಎಂದ ಸುಹಾಸ. "ಹಣೆ ನಿಂದೇಯ ಆಯಿ. ಅಗಲ ಹಣೆ."

ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡರು. ಆಮೇಲೆ ಕೈಯನ್ನು ಅಲ್ಲೇ ಇಟ್ಟುಕೊಂಡು ಕೂತರು.